ಭಂಡಾರದ ಪೀಕು

ನಮ್ಮ ಮನೆಯಲ್ಲಿ ಯಾರೇ ಊರು ಬಿಟ್ಟು ಹೊರಟರೂ ಹಣೆಗೆ ಭಂಡಾರ ಹಚ್ಚಿಸಿಕೊಂಡೇ ಹೊಸ್ತಿಲು ದಾಟಬೇಕು. ಭಂಡಾರ ಅಂದರೆ ಅರಿಶಿನದ ಪುಡಿಯೇ, ಆದರೆ ಅಡುಗೆಮನೆಯ ಡಬ್ಬಿಯದಲ್ಲ. ನಮ್ಮ ದೇವರು ಬೀರೋಬನ ಮುಂದೆ, ಮೈಲಾರನ ಮುಂದೆ ಇಟ್ಟು ತಂದದ್ದು. ನಾವು ತಡವಳದ ಕುರಿಯವರು. ಅಪ್ಪ ಕುರಿ ಹೊಡೆದುಕೊಂಡು ಹೊರಟರೂ ಭಂಡಾರ, ಅಣ್ಣ ಅಕ್ಕಲಕೋಟದ ಸಂತೆಗೆ ಮೋಟರ್‌ಸೈಕಲ್ ಹತ್ತಿದರೂ ಭಂಡಾರ. ಹಚ್ಚುವ ಕೆಲಸ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ, ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. ಸೊಲ್ಲಾಪುರದ ನನ್ನ ಮರಾಠಿ ಗೆಳತಿಯರಿಗೆ ಆಯಿ ಅಂದರೆ ತಾಯಿ. ಹಾಗಾಗಿ ನನಗೆ ಮನೆಯಲ್ಲಿ ಇಬ್ಬರು ತಾಯಂದಿರು ಅಂತ ಅವರು ಬಹಳ ದಿನ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ, ಅದರಲ್ಲಿ ಅಂಥ ಸುಳ್ಳೇನೂ ಇರಲಿಲ್ಲ.

ಆಯಿಯ ಸೊಂಟದಲ್ಲಿ ಎರಡು ಚಂಚಿ. ಒಂದರಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಭಂಡಾರ. ಸೋಮವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಹೆಬ್ಬೆರಳನ್ನು ಚಂಚಿಯಲ್ಲಿ ಅದ್ದಿ ನನ್ನ ಹಣೆಗೆ ಒತ್ತಿ ಮೇಲಕ್ಕೆ ಎಳೆಯುತ್ತಿದ್ದಳು. ಮೆತ್ತಗೆ ಹಚ್ಚಿ ಗೊತ್ತೇ ಇಲ್ಲ ಅವಳಿಗೆ. ಕುರಿಗೆ ಗುರುತು ಹಾಕುವವರ ಕೈ ಅದು. ಬೆರಳಿನಲ್ಲಿ ಉಳಿದದ್ದನ್ನು ನನ್ನ ಎರಡೂ ಅಂಗೈಗೆ ತಿಕ್ಕಿ, "ಕೆಲಸಾ ಮಾಡೂವು ಕೈನ. ಅವಕ್ಕೂ ಇರ್ಲಿ" ಅನ್ನುತ್ತಿದ್ದಳು. ಆ ಹೆಬ್ಬೆರಳು ನನ್ನ ಹಣೆಯಿಂದ ಹೇಗೆ ದೂರವಾಯಿತು ಅನ್ನುವುದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಬೇಕಾದರೆ ಮೊದಲು ನನ್ನ ನೌಕರಿಯ ವಿಷಯ ಹೇಳಬೇಕಾಗುತ್ತದೆ. ಅದು ಕೇಳುವವರಿಗೆ ಬೇಜಾರು.

ಆದರೂ ಹೇಳುತ್ತೇನೆ. ಸೊಲ್ಲಾಪುರದ ಹೊರಗಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ವಾರವೆಲ್ಲ ಕುಂಭಾರಿಯಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟ, ಅಲ್ಲಿಂದ ಊರು. ಔಷಧದ ಪುಡಿಯಲ್ಲಿ ಬೇಡದ್ದು ಏನೇನು ಸೇರಿಕೊಂಡಿದೆ, ಎಷ್ಟು ಸೇರಿಕೊಂಡಿದೆ ಅಂತ ಕಂಡುಹಿಡಿಯುವ ವಿಧಾನವನ್ನು ನಾವು ಮೊದಲು ರೂಢಿಸಬೇಕು. ಅದಕ್ಕೊಂದು ಯಂತ್ರ ಇದೆ. ಯಂತ್ರದ ಜೀವ ಇರುವುದು ಗೇಣುದ್ದದ ಒಂದು ಉಕ್ಕಿನ ಕೊಳವೆಯಲ್ಲಿ. ಅದಕ್ಕೆ ಕಾಲಮ್ ಅನ್ನುತ್ತಾರೆ. ಅದರೊಳಗೆ ಹಿಟ್ಟಿಗಿಂತ ನುಣ್ಣನೆಯ ಬಿಳಿ ಪುಡಿ ಗಿಡಿದಿರುತ್ತದೆ. ಔಷಧವನ್ನು ಕರಗಿಸಿ, ನೀರು ಮೆಥನಾಲ್ ಬೆರೆಸಿದ ದ್ರಾವಣದ ಜೊತೆ ಆ ಕೊಳವೆಯೊಳಗೆ ನೂಕಿದರೆ, ಪುಡಿಗೆ ಹೆಚ್ಚು ಅಂಟಿಕೊಳ್ಳುವುದು ತಡವಾಗಿ ಹೊರಗೆ ಬರುತ್ತದೆ, ಅಂಟದ್ದು ಬೇಗ ಬರುತ್ತದೆ. ಬಂದದ್ದೊಂದೊಂದೂ ಪರದೆಯ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಅದಕ್ಕೆ ಪೀಕು ಅನ್ನುತ್ತೇವೆ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಗುಡ್ಡವಾಗಿ ಬರಬೇಕು. ಎರಡು ವಸ್ತು ಕೂಡಿ ಒಂದೇ ಗುಡ್ಡವಾಗಿ ಬಂದರೆ ನೋಡುವವರಿಗೆ ಮೋಸ.

ನಮ್ಮ ವಿಭಾಗದ ಹಿರಿಯರನ್ನು ನಾವೆಲ್ಲ ಬರೀ ಸರ್ ಅನ್ನುತ್ತಿದ್ದೆವು. ದಕ್ಷಿಣ ಸೊಲ್ಲಾಪುರದ ಒಕ್ಕಲು ಮನೆತನದವರು. ಮನೆಯ ಮಾತು ಕನ್ನಡ, ಕಲಿತದ್ದು ಮರಾಠಿ. ನನ್ನ ಜೊತೆ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ತರದ ದಿನ ಅವರ ಡಬ್ಬಿಯ ಶೇಂಗಾ ಚಟ್ನಿ ತಿಂದೇ ನಾವು ಬದುಕಿದ್ದು. ಆದರೆ ಕಾಲಮಿನ ವಿಷಯದಲ್ಲಿ ಮಾತ್ರ ಹಟಮಾರಿ. ಸಿ-ಏಟೀನ್ ಅನ್ನುವ ಒಂದು ಜಾತಿಯ ಕಾಲಮ್ ಇದೆ, ಅದರ ಪುಡಿಗೆ ಎಣ್ಣೆಯ ಸ್ವಭಾವ. ಎಣ್ಣೆಯ ಅಂಶ ಹೆಚ್ಚಿರುವ ವಸ್ತುವನ್ನು ಹಿಡಿದುಕೊಳ್ಳುತ್ತದೆ, ಕಡಿಮೆ ಇರುವುದನ್ನು ಬಿಡುತ್ತದೆ. ನೂರು ಕೆಲಸಕ್ಕೆ ಅದೇ ಸಾಕು. ಸಾಕಾಗದಿದ್ದಾಗ ಸರ್ ಏನು ಮಾಡುತ್ತಿದ್ದರು ಅಂದರೆ, ಇನ್ನೊಂದು ಕಂಪನಿಯ ಸಿ-ಏಟೀನ್ ಹಾಕಿಸುತ್ತಿದ್ದರು. ಅದೂ ಆಗದಿದ್ದರೆ ಮತ್ತೊಂದು ಕಂಪನಿಯದು.

ನನಗೆ ಒಳಗೊಳಗೇ ನಗು ಬರುತ್ತಿತ್ತು. ಒಂದೇ ಕಣ್ಣಿನ ಸಾಣಿಗೆಯನ್ನು ಮೂರು ಅಂಗಡಿಯಲ್ಲಿ ಕೊಂಡು ತಂದರೆ ಹಿಟ್ಟೇನು ಬೇರೆ ಬೀಳುತ್ತದೆಯೇ. ಸಾಣಿಗೆಯಲ್ಲಿ ಆಗದ್ದಕ್ಕೆ ಮರ, ಅಂದರೆ ಕಾಳು ಕೇರುವ ಮೊರ, ಬೇಕು. ಸಾಣಿಗೆ ನೋಡುವುದು ಕಾಳಿನ ಗಾತ್ರವನ್ನು, ಮರದಲ್ಲಿ ಕೇರಿದಾಗ ಬೇರೆಯಾಗುವುದು ತೂಕ. ಕಾಲಮುಗಳಲ್ಲೂ ಹಾಗೆ ಬೇರೆ ಬೇರೆ ನೋಟದವು ಇವೆ. ಫಿನೈಲ್ ಅಂತ ಒಂದು, ಅದು ಎಣ್ಣೆಯ ಅಂಶವನ್ನಷ್ಟೇ ನೋಡುವುದಿಲ್ಲ, ವಸ್ತುವಿನೊಳಗಿನ ಉಂಗುರದ ರಚನೆಯನ್ನೂ ತಡವಿ ನೋಡುತ್ತದೆ. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ, ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಕನ್ನಡ ಸಾಲೆಯಿಂದ ಹೋದವಳು, ಇಂಗ್ಲಿಷಿನಲ್ಲಿ ಓದಿದವರ ನಡುವೆ ಕೂತವಳು. ನನ್ನ ಧೈರ್ಯ ಮನೆಯಲ್ಲಿ ಮಾತ್ರ ಹುಲಿ.

ಲ್ಯಾಬಿಗೆ ಸೇರಿದ ಹೊಸದರಲ್ಲೇ ಒಂದು ಫಜೀತಿ ಆಯಿತು. ಸೋಮವಾರ ಊರಿಂದ ನೇರ ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಯಂತ್ರದ ಮೇಲೆ ಎಂದೂ ಕಾಣದ ಪೀಕೊಂದು ಎದ್ದಿತು. ಸರ್ ಬಂದು ನಾನು ಮಾಡಿಟ್ಟ ದ್ರಾವಣವನ್ನು ಬೆಳಕಿಗೆ ಹಿಡಿದರು. ತೆಳ್ಳಗೆ ಹಳದಿ. ಆಮೇಲೆ ನನ್ನ ಹಣೆ ನೋಡಿದರು, ಉಗುರು ನೋಡಿದರು. "ತಂಗಿ, ಔಷಧಕ್ಕೂ ಭಂಡಾರ ಹಚ್ಚೀ ಏನ?" ಅಂದರು. ಲ್ಯಾಬೆಲ್ಲ ಘೊಳ್ಳೆಂದಿತು. ಅದು ಖರೇನೇ ಭಂಡಾರವಾಗಿತ್ತು. ಉಗುರಿನಿಂದ ಉದುರಿ ಬಿದ್ದಿತ್ತು. ಅವತ್ತಿನಿಂದ ಯಾರ ಕೆಲಸದಲ್ಲಿ ಗೊತ್ತಾಗದ ಪೀಕು ಬಂದರೂ ಅದಕ್ಕೆ ಭಂಡಾರದ ಪೀಕು ಅಂತಲೇ ಹೆಸರಾಯಿತು. ನಾನೂ ನಕ್ಕೆ. ನಗದೆ ಏನು ಮಾಡಲಿ. ಮುಂದಿನ ಸೋಮವಾರದಿಂದ ಅಕ್ಕಲಕೋಟದ ಸ್ಟ್ಯಾಂಡಿನ ನಳದಲ್ಲಿ ಹಣೆ, ಕೈ ತೊಳೆದುಕೊಂಡೇ ಸೊಲ್ಲಾಪುರದ ಬಸ್ಸು ಹತ್ತುತ್ತಿದ್ದೆ. ಆಯಿಗೆ ಹೇಳಲಿಲ್ಲ. ಅವಳು ಹಚ್ಚುತ್ತಿದ್ದಳು, ನಾನು ತೊಳೆಯುತ್ತಿದ್ದೆ, ಇಬ್ಬರ ಕೆಲಸವೂ ನಡೆದಿತ್ತು.

ಹೀಗೇ ನಡೆದು ಹೋಗಬಹುದಿತ್ತು. ಆದರೆ ಒಂದು ಹೊಸ ಔಷಧ ಬಂತು. ಇನ್ನೂ ಮಾರುಕಟ್ಟೆಗೆ ಹೋಗದ್ದು, ತಯಾರಿಕೆಯ ಹಂತದಲ್ಲೇ ಇದ್ದದ್ದು. ಅದರ ವಿಧಾನ ರೂಢಿಸುವ ಕೆಲಸ ಮೊದಲ ಸಲ ಪೂರಾ ನನ್ನ ಪಾಲಿಗೆ ಬಂದಿತ್ತು. ಸರ್ ಹೇಳಿದ ಹಾಗೆ ಸಿ-ಏಟೀನ್ ಹಾಕಿದೆ. ಚಂದದ ಒಂದೇ ಪೀಕು. ಇನ್ನೆರಡು ಕಂಪನಿಯವನ್ನೂ ಹಾಕಿದೆ, ಆಗಲೂ ಹಾಗೇ. ನೋಡಲು ಎಷ್ಟು ಚಂದವಿತ್ತೆಂದರೆ ನನಗೇ ಸಂಶಯ ಬಂತು.

ದಸರಾ ಬಂತು. ನಮ್ಮ ಲ್ಯಾಬಿನಲ್ಲಿ ಯಂತ್ರಗಳಿಗೂ ಪೂಜೆ. ಝೆಂಡು ಹೂವಿನ ಮಾಲೆ, ಬನ್ನಿ ಎಲೆ, ಪೇಢೆ. ದುಡಿಯುವ ಕಾಲಮುಗಳನ್ನೆಲ್ಲ ಒಂದು ತಾಟಿನಲ್ಲಿ ಸಾಲಾಗಿ ಮಲಗಿಸಿ ಕುಂಕುಮದ ಬೊಟ್ಟು ಇಡುತ್ತಿದ್ದೆವು. ಸರ್ ಅವರ ಮೆಚ್ಚಿನ ಸಿ-ಏಟೀನ್ ನಡುವೆ, ಮದುಮಗನ ಹಾಗೆ. ತಾಟು ಜೋಡಿಸಲು ಕಪಾಟು ತೆಗೆದಾಗ ಮೂಲೆಯಲ್ಲಿ ಸೀಲು ಒಡೆಯದ ಒಂದು ಡಬ್ಬಿ ಕಂಡಿತು. ಯಾವನೋ ಮಾರಾಟದವನು ನಮೂನೆಗೆಂದು ಬಿಟ್ಟು ಹೋದ ಫಿನೈಲ್ ಕಾಲಮ್. ಅದಕ್ಕೆ ಯಾರೂ ಬೊಟ್ಟು ಇಡಲಿಲ್ಲ. ನಾನು ಡಬ್ಬಿಯ ಜಾಗ ಮನಸ್ಸಿನಲ್ಲಿಟ್ಟುಕೊಂಡೆ.

ಹಬ್ಬ ಮುಗಿಸಿ ಊರಿಂದ ಬಂದದ್ದು ಸೋಮವಾರವೇ. ಹಬ್ಬದಲ್ಲಿ ನಮ್ಮ ಕಡೆ ಭಂಡಾರ ಹಣೆಗಷ್ಟೇ ನಿಲ್ಲುವುದಿಲ್ಲ. ಗುಡಿಯ ಮುಂದೆ ಮುಷ್ಟಿ ಮುಷ್ಟಿ ತೂರುತ್ತಾರೆ, ತಲೆಗೂದಲ ಬುಡಕ್ಕೆಲ್ಲ ಇಳಿದಿರುತ್ತದೆ. ನಳದಲ್ಲಿ ತೊಳೆದರೂ ಕುತ್ತಿಗೆಯ ಮೇಲೆ ಹಳದಿ ಉಳಿದೇ ಇತ್ತು. ಅವತ್ತು ಸರ್ ಮೀಟಿಂಗಿನಲ್ಲಿದ್ದರು. ಆ ಡಬ್ಬಿ ಒಡೆದು ಫಿನೈಲ್ ಕಾಲಮನ್ನು ಯಂತ್ರಕ್ಕೆ ಹಚ್ಚಿದೆ, ನಮ್ಮ ಔಷಧವನ್ನು ಅದರೊಳಗೆ ಬಿಟ್ಟೆ. ದೊಡ್ಡ ಪೀಕು ಏರಿತು, ಇಳಿಯಿತು. ಇಳಿದು ನೆಲ ಮುಟ್ಟುವ ಹೊತ್ತಿಗೆ ಅದರ ಪಕ್ಕದಲ್ಲೇ ಒಂದು ಸಣ್ಣ ಪೀಕು ತಲೆ ಎತ್ತಿತು. ಮೂರು ಸಿ-ಏಟೀನುಗಳು ತೋರಿಸದ್ದನ್ನು ಇದು ತೋರಿಸಿತ್ತು.

ಸರ್ ಬಂದರು. ಪರದೆ ನೋಡಿದರು. ಆಮೇಲೆ ನನ್ನ ಕುತ್ತಿಗೆ ನೋಡಿದರು.

"ಹಬ್ಬಾ ಜೋರಾಗ್ಯದ" ಅಂದರು.

"ಸರ್, ದ್ರಾವಣ ಹಳದಿ ಇಲ್ರಿ. ಕೈ ತೊಳಕೊಂಡೀನ್ರಿ."

"ಚಿಮಟಿ ಬಿದ್ದರ ಕಣ್ಣಿಗಿ ಕಾಣ್ತದೇನು, ತಂಗಿ? ಸಾಬೂನು ಹಚ್ಚಿ ತೊಳಿ, ಹೊಸಾದು ಮಾಡಿ ಹಾಕು. ಮತ್ತ ನಮ್ಮ ಕಾಲಮ್ ಹಾಕು. ಹೇ ಕಶಾಲಾ?"

ಹೇ ಕಶಾಲಾ, ಇದ್ಯಾಕೆ ಅಂತ. ನಾನು ಸಾಬೂನು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆದೆ. ಹೊಸ ದ್ರಾವಣ ಮಾಡಿದೆ. ಫಿನೈಲ್ ಬಿಚ್ಚಿ ಸಿ-ಏಟೀನ್ ಹಚ್ಚಿದೆ. ಸಣ್ಣ ಪೀಕು ಮಾಯವಾಗಿತ್ತು. ಸರ್ ನನ್ನ ಕಡೆ ನೋಡಿ ಕೈ ತಿರುವಿದರು. ಎಲ್ಲರೂ ನಕ್ಕರು. ನನ್ನನ್ನು ಕೇಳಿದರೆ ನಾನೂ ನಂಬಿದೆ. ಕೈ ಸ್ವಚ್ಛವಾಯಿತು, ಪೀಕು ಹೋಯಿತು, ಇನ್ನೇನು ಬೇಕು. ಕೈಯ ಜೊತೆಗೆ ಕಾಲಮೂ ಬದಲಾಗಿತ್ತು ಅನ್ನುವುದು ಲ್ಯಾಬು ತುಂಬ ಇದ್ದ ಎಂಎಸ್‌ಸಿಗಳಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಫಿನೈಲ್ ಕಾಲಮ್ ಮತ್ತೆ ಡಬ್ಬಿ ಸೇರಿತು, ಡಬ್ಬಿ ಕಪಾಟು ಸೇರಿತು.

ಆ ಶನಿವಾರ ಊರಿಗೆ ಹೋದಾಗ ನನ್ನ ಮೋರೆ ಗಂಟು ಹಾಕಿಕೊಂಡೇ ಇತ್ತು. ಅವ್ವ ಕೇಳಿದಳು, ಹೇಳಿದೆ. ನಮ್ಮ ಮನೆಯಲ್ಲಿ ಪಿಸುಮಾತಿನ ರೂಢಿ ಇಲ್ಲ. "ಆಯಿ ಭಂಡಾರ ಉದುರಿ ನನ್ನ ಕೆಲಸ ಕೆಟ್ಟೇತಿ, ಮಶೀನಿನ್ಯಾಗ ಹೋಗೇತಿ, ಎಲ್ಲಾರೂ ನಗಾಕತ್ತಾರ" ಅಂದೆ. ಅರ್ಧ ಸಿಟ್ಟು, ಅರ್ಧ ಚೇಷ್ಟೆ. ಆಯಿ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದಳು. ಕೈಯಲ್ಲಿದ್ದ ಮರ ಒಂದು ಗಳಿಗೆ ನಿಂತಿತು.

"ಮಶೀನ್ ಭಾಳ ತುಟ್ಟಿದೇನ ಯವ್ವಾ?" ಅಂದಳು.

"ನಮ್ಮ ಕುರಿ ಎಲ್ಲಾ ಮಾರಿದ್ರೂ ಬರೂದಿಲ್ಲ" ಅಂದೆ. ಅಷ್ಟು ಸಾಕಾಗಿತ್ತು ಅವಳಿಗೆ.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ಆಯಿ ಇರಲಿಲ್ಲ. ಕಟ್ಟೆಯ ಮೇಲೆಯೇ ಕೂತಿದ್ದಳು, ಎರಡೂ ಕೈ ಸೆರಗಿನೊಳಗೆ. "ಹಚ್ಚೂದಿಲ್ಲೇನ ಅತ್ತಿ?" ಅಂತ ಅವ್ವ ಕೇಳಿದಳು. "ಬ್ಯಾಡ. ಅಕೀದು ನಾಜೂಕ ಕೆಲಸ" ಅಂದಳು. ಬೀರೋಬನ ಗುಡಿಯ ಕಡೆ ತಿರುಗಿ, ಸೆರಗಿನೊಳಗೇ ಕೈ ಜೋಡಿಸಿ, ನಾನು ಓಣಿ ದಾಟುವವರೆಗೆ ಏನೋ ಅನ್ನುತ್ತಿದ್ದಳು. ಬುತ್ತಿಯ ಗಂಟು ಸಹ ಅವತ್ತು ಅವ್ವ ಕಟ್ಟಿದ್ದಳು. ರೊಟ್ಟಿ ಬಡಿಯಲೂ ಆಯಿ ಒಪ್ಪಲಿಲ್ಲವಂತೆ, "ನನ್ನ ಉಗುರಿನ್ಯಾಗ ಅದು ಇದ್ದೇ ಇರ್ತೈತಿ" ಅಂದಳಂತೆ.

ನನಗೆ ಆಗ ಏನನ್ನಿಸಿತು ಅಂದರೆ, ಹಗುರಾಯಿತು. ಸ್ಟ್ಯಾಂಡಿನ ನಳದ ಮುಂದೆ ಸಾಲು ನಿಲ್ಲುವುದು ತಪ್ಪಿತು, ಕಿಟಕಿಯ ಪಕ್ಕದ ಸೀಟು ಸಿಕ್ಕಿತು. "ಹಚ್ಚು ಆಯಿ, ನಾ ತೊಳಕೋತೀನಿ" ಅನ್ನುವ ಒಂದು ಮಾತು ಸಾಕಿತ್ತು. ಆ ಸೋಮವಾರ ಅನ್ನಲಿಲ್ಲ, ಅದರ ಮುಂದಿನ ಸೋಮವಾರವೂ ಅನ್ನಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಅಪ್ಪನಿಗೆ, ಅಣ್ಣನಿಗೆ ಹಚ್ಚುತ್ತಿದ್ದಳು. ನನ್ನ ಸರದಿ ಬಂದಾಗ ಕೈ ಸೆರಗಿನೊಳಗೆ ಹೋಗುತ್ತಿತ್ತು. ನನ್ನ ತಲೆ ಸವರುವುದನ್ನೂ ಬಿಟ್ಟಳು. ಹಬ್ಬದ ದಿನ ಮನೆಯವರೆಲ್ಲ ಹಳದಿ, ನಾನೊಬ್ಬಳು ಬೋಳು ಹಣೆಯವಳು. ಬೀಗರ ಹಾಗೆ ಕಾಣುತ್ತಿದ್ದೆ.

ಅದೇ ವರ್ಷ ಆಯಿಗೆ ಮರೆವು ಶುರುವಾಯಿತು. ಎಂದೋ ಮಾರಿದ ಕುರಿಯನ್ನು ಹುಡುಕಿಕೊಂಡು ಹೊರಡುವುದು, ಊಟ ಮಾಡಿ ಎದ್ದು ಊಟ ಕೇಳುವುದು. ಅಕ್ಕಲಕೋಟದ ಡಾಕ್ಟರು ವಯಸ್ಸು ಅಂದರು. ನಾನು ಹೋದಾಗ ಒಂದು ವಾರ ಗುರುತು ಹಿಡಿಯುತ್ತಿದ್ದಳು, ಇನ್ನೊಂದು ವಾರ ತನ್ನ ತಂಗಿ ಅಂದುಕೊಂಡು ತವರಿನ ಸುದ್ದಿ ಕೇಳುತ್ತಿದ್ದಳು.

ಮುಂದಿನ ದಸರಾ ಇನ್ನೂ ಬಂದಿರಲಿಲ್ಲ. ಆ ಔಷಧ ಕೊಳ್ಳಬೇಕಾದ ಕಂಪನಿಯವರು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು: ಬೇರೆ ಸ್ವಭಾವದ ಕಾಲಮಿನ ಮೇಲೆ ನೋಡಿದ್ದೀರಾ? ಸರ್ ಫೋನ್ ಇಟ್ಟು ಬಂದು, ಕಪಾಟಿನ ಮೂಲೆಗೆ ಕೈ ಮಾಡಿ, "ತಂಗಿ, ಅದೊಂದು ಇತ್ತಲ್ಲ, ಹಾಕಿ ನೋಡು" ಅಂದರು. ಆ ವಾರ ನಾನು ಊರಿಗೇ ಹೋಗಿರಲಿಲ್ಲ. ಕೈಗೆ ಗ್ಲೌಸ್ ಇತ್ತು. ಹಣೆಯಲ್ಲಿ ಏನೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಫಿನೈಲ್ ಕಾಲಮಿನ ಮೇಲೆ ದೊಡ್ಡ ಪೀಕು ಏರಿ ಇಳಿಯಿತು, ಅದರ ಪಕ್ಕದಲ್ಲಿ ಅದೇ ಸಣ್ಣ ಪೀಕು ಎದ್ದು ನಿಂತಿತು.

ಸರ್ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತು ನೋಡಿದರು. ಆಮೇಲೆ ತಾವೇ ಕ್ಯಾಂಟೀನಿಗೆ ಹೋಗಿ ಒಂದು ಚಿಟಿಕೆ ಅರಿಶಿನ ಕಾಗದದಲ್ಲಿ ಕಟ್ಟಿಸಿಕೊಂಡು ಬಂದರು. ಅದನ್ನು ಕರಗಿಸಿ ಅದೇ ಕಾಲಮಿನೊಳಗೆ ಬಿಡಿಸಿದರು. ಅರಿಶಿನದ ಪೀಕುಗಳು ಎಲ್ಲೋ ದೂರದಲ್ಲಿ, ಎಲ್ಲ ಮುಗಿದು ನಾವು ಚಹಾ ಕುಡಿಯುವ ಹೊತ್ತಿಗೆ ಬಂದವು. ನಮ್ಮ ಸಣ್ಣ ಪೀಕಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ಆ ಸಣ್ಣ ಪೀಕು ಔಷಧದ ಜೊತೆಯಲ್ಲೇ ಹುಟ್ಟುವ ಅದರ ಜೋಡಿ ಅಂತ ಮುಂದೆ ಗೊತ್ತಾಯಿತು. ಅದೇ ತೂಕ, ಅದೇ ಎಣ್ಣೆಯಂಶ. ಉಂಗುರದ ಮೇಲೆ ಒಂದು ಕ್ಲೋರಿನ್ ಕೂತ ಜಾಗ ಮಾತ್ರ ಬೇರೆ. ಸಿ-ಏಟೀನಿಗೆ ಅವೆರಡೂ ಒಂದೇ.

"ಆವಾಗ ಎರಡೂ ಕೂಡೇ ಬದ್ಲಿ ಮಾಡಿದ್ವಿ" ಅಂದರು ಸರ್, ಕನ್ನಡಕ ತೆಗೆದು ಒರೆಸುತ್ತ. "ನೀ ಕೈ ತೊಳ್ದಿ, ಕಾಲಮೂ ತೆಗ್ದಿ. ಒಂದಽ ಬದ್ಲಿ ಮಾಡಬೇಕಿತ್ತು. ನಾನಽ ಹೇಳಬೇಕಿತ್ತು." ಕನ್ನಡಕ ಏರಿಸಿಕೊಂಡು, "ನಿಮ್ಮ ಆಯಿಗಿ ಹೇಳವಾ. ಅವರದೇನೂ ತಪ್ಪಿಲ್ಲಂತ ಹೇಳು" ಅಂದರು.

ವಿಧಾನ ಮತ್ತೆ ಮೊದಲಿಂದ ಮಾಡಿದೆವು. ಲ್ಯಾಬಿನಲ್ಲಿ ಈಗ ಯಾವ ಔಷಧ ಬಂದರೂ ಮೊದಲು ನಾಲ್ಕಾರು ಸ್ವಭಾವದ ಕಾಲಮುಗಳ ಮೇಲೆ ಹಾಯಿಸಿ ನೋಡಿಯೇ ಮುಂದಿನ ಮಾತು. ನನ್ನನ್ನು ಹೊಗಳಿದರು, ಪೇಢೆ ಹಂಚಿದರು. ನನ್ನ ಪಾಲಿನ ಪೇಢೆಯನ್ನು ಮೇಜಿನ ಮೇಲೇ ಬಿಟ್ಟೆ. ಕಾಲಮಿನಿಂದ ಬಂದದ್ದನ್ನು ಬೆಳಕಿನಲ್ಲಿ ಗುರುತಿಸುವ ಡಿಟೆಕ್ಟರನ್ನು ಹಳದಿ ಬಣ್ಣ ಹಿಡಿಯುವ ಅಲೆಗೆ ತಿರುಗಿಸಿ ನೋಡಿದ್ದರೂ ಅದು ಭಂಡಾರವಲ್ಲ ಅಂತ ಅಂದೇ ಗೊತ್ತಾಗುತ್ತಿತ್ತು. ಅರ್ಧ ತಾಸಿನ ಕೆಲಸ. ಅಷ್ಟು ಮಾಡಿದ್ದರೆ ಒಂದು ವರ್ಷದ ಸೋಮವಾರಗಳೆಲ್ಲ ನನಗೆ ಉಳಿಯುತ್ತಿದ್ದವು.

ಶನಿವಾರ ಊರಿಗೆ ಹೋದವಳೇ ಕಟ್ಟೆಯ ಮೇಲೆ ಆಯಿಯ ಪಕ್ಕ ಕೂತೆ. "ಆಯಿ, ಅದು ನಿನ್ನ ಭಂಡಾರ ಅಲ್ಲ. ಔಷಧದಾಗಿಂದಽ ಬಂದಿತ್ತು. ನಮ್ಮ ಸರ್ ತಪ್ಪಾತಂತ ಹೇಳ್ಯಾರ" ಅಂದೆ. ತಲೆ ಆಡಿಸಿದಳು. ಎಲ್ಲ ತಿಳಿಯಿತು ಅನ್ನುವ ಹಾಗೆ ಆಡಿಸಿ, "ಉಂಡೇನ?" ಅಂದಳು. ಭಾನುವಾರ ಮತ್ತೆ ಹೇಳಿದೆ. ನನ್ನ ಮುಖವನ್ನೇ ನೋಡುತ್ತ, "ಅಪ್ಪ ಆರಾಮ ಅದಾನೇನ?" ಅಂದಳು. ಅವಳ ಲೆಕ್ಕದಲ್ಲಿ ನಾನು ಅವತ್ತು ತಂಗಿ.

ಸೋಮವಾರ ಬೆಳಿಗ್ಗೆ ನಾನೇ ಹೋಗಿ ಅವಳ ಮುಂದೆ ಮೊಣಕಾಲೂರಿ ಕೂತೆ. ಸೊಂಟದ ಚಂಚಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. "ಹಚ್ಚು ಆಯಿ" ಅಂದೆ. ಕೈಗೆ ಆ ಕೆಲಸ ಮರೆತಿರಲಿಲ್ಲ. ಹೆಬ್ಬೆರಳು ತಾನಾಗಿ ಚಂಚಿಯೊಳಗೆ ಹೋಯಿತು, ಹಳದಿಯಾಗಿ ಹೊರಗೆ ಬಂತು, ನನ್ನ ಹಣೆಯವರೆಗೆ ಬಂತು. ನಾನು ಕಣ್ಣು ಮುಚ್ಚಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹೆಬ್ಬೆರಳು ತಾಗಲಿಲ್ಲ. ಕಣ್ಣು ತೆರೆದೆ. ಆಯಿ ನನ್ನನ್ನು ನೋಡುತ್ತಿದ್ದಳು. ತಿಂಗಳುಗಟ್ಟಲೆ ಮಬ್ಬಾಗಿದ್ದ ಕಣ್ಣು ಅವತ್ತು ಸ್ವಚ್ಛವಾಗಿತ್ತು, ನನ್ನನ್ನು ಪೂರಾ ಗುರುತು ಹಿಡಿದಿದ್ದಳು.

"ನೀ ಮಶೀನ್ ಮ್ಯಾಲೆ ಕೆಲಸಾ ಮಾಡಾಕಿ ಅಲ್ಲೇನ?" ಅಂದಳು.

"ಹೌದು ಆಯಿ. ಆದ್ರ ಅದಕ್ಕೇನೂ ಆಗೂದಿಲ್ಲ, ನಾ ನಿನಗ ಹೇಳಿದ್ನಲ್ಲ..."

"ಬ್ಯಾಡ ಯವ್ವಾ. ನನ್ನ ಕೈ ನಿನಗ ಹತ್ತಬಾರ್ದು" ಅಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಎಷ್ಟು ಹೇಳಿದರೂ ಕೇಳಲಿಲ್ಲ. ಬೆರಳಿನ ಭಂಡಾರವನ್ನು ಚೆಲ್ಲದ ಹಾಗೆ ಚಂಚಿಯೊಳಗೆ ಉದುರಿಸಿದಳು, ದಾರ ಎಳೆದು ಕಟ್ಟಿದಳು. ಹಾಗೆ ಕಟ್ಟುವಾಗ ಒಂದು ಚೂರು ನನ್ನ ಹೆಗಲ ಮೇಲೆ ಉದುರಿತ್ತು. ಅದು ಅವಳ ಕಣ್ಣಿಗೆ ಬಿತ್ತು. ಕೈ ತಾಗದ ಹಾಗೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬಗ್ಗಿ, ಹಳದಿ ಒಂದಿಷ್ಟೂ ಉಳಿಯದ ಹಾಗೆ ಒರೆಸಿ ತೆಗೆದಳು.